ಚಿತ್ರಶಾಲೆಯೂ ಚಿತ್ರಪ್ರದರ್ಶನವೂ

ಚಿತ್ರಕಾರನ ಬಾಳು ಎರಡು ಸ್ಥಳಗಳಲ್ಲಿ ನಡೆಯತಕ್ಕದ್ದು. ಒಂದು, ಬಾಗಿಲು ಮುಚ್ಚಿಕೊಂಡು ಕೆಲಸ ಮಾಡುವ ಚಿತ್ರಶಾಲೆ. ಇನ್ನೊಂದು, ತನ್ನ ಕೃತಿಯನ್ನು ಪರರ ಕಣ್ಣಿಗೆ ಒಡ್ಡಿ, ಪರರ ಕೃತಿಯನ್ನು ತಾನೂ ನೋಡುವ ಪ್ರದರ್ಶನ. ಮೊದಲನೆಯದೊಂದೇ ಸಾಕೆಂಬವರೂ ಎರಡನೆಯದೇ ಸರ್ವಸ್ವವೆಂಬವರೂ ನಮ್ಮಲ್ಲಿ ಉಂಟು. ಈ ಎರಡು ಪಕ್ಷಗಳನ್ನೂ ಕನ್ನಡ ನಾಡಿನ ಇಬ್ಬರು ಚಿತ್ರಕಾರರ ನಿದರ್ಶನದಿಂದ ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

ನಮ್ಮ ಪೂರ್ವಕವಿಗಳು ಈ ವಿಷಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮಾಲವಿಕೆಯನ್ನು ಮೊದಲು ಚಿತ್ರದಲ್ಲಿ ಕಂಡಿದ್ದ ಅಗ್ನಿಮಿತ್ರನು, ಬಳಿಕ ಅವಳನ್ನು ಪ್ರತ್ಯಕ್ಷ ನೋಡಿದಾಗ, ಬರೆದವನ ಸಮಾಧಿಯು ಸಡಿಲವಾಗಿದ್ದಿರಬೇಕೆಂದು ಎಣಿಸುವನು. ಕೈಚಳಕ ಸಾಲದೆಂದು ಅವನು ಹೇಳಲಿಲ್ಲ. ಕೊರತೆಯನ್ನು ಮನಸ್ಸಿನ ಏಕಾಗ್ರತೆಯಲ್ಲಿಯೇ ಕಂಡನು. ಚಿತ್ರಶಾಲೆಯ ಧರ್ಮವನ್ನು ಇದಕ್ಕಿಂತ ಚುಟುಕಾಗಿ ಹೇಳುವುದು ಕಷ್ಟ. ಇನ್ನು ನೋಡುವವರ ವಿಷಯಕ್ಕೆ ಭವಭೂತಿಯ ಉತ್ತರರಾಮಚರಿತೆಯ ಮೊದಲಂಕವನ್ನು ತೆಗೆದುಕೊಳ್ಳಬಹುದು. ಅಲ್ಲಿ ಸೀತೆಯು ಶೂರ್ಪಣಖಿಯ ಚಿತ್ರವನ್ನು ಕಂಡು ಬೆದರುವಳು. ನೋಡಿ ಮುಗಿದ ಮೇಲೆ ಆ ವನಗಳಿಗೆ ಮತ್ತೊಮ್ಮೆ ಹೋಗಬೇಕೆಂದು ಬಯಸುವಳು. ಚಿತ್ರದರ್ಶನವು ನೋಡಿದವರ ಮುಂದಿನ ಇಚ್ಛೆಯನ್ನು ಕೂಡ ಬದಲಿಸಬಲ್ಲುದೆಂಬುದು ಇದರಿಂದ ಸ್ಪಷ್ಟವಾಗುವುದು.

ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ರತಿಮೆ ಮಾಡುವುದನ್ನು ಕಲಿಸೆಂದು ಕೇಳಿದ ವಜ್ರರಾಜನಿಗೆ ಮಾರ್ಕಂಡೇಯನು, ಅದಕ್ಕೆ ಚಿತ್ರವನ್ನೂ, ಚಿತ್ರಕ್ಕೆ ನೃತ್ತವನ್ನೂ, ನೃತ್ತಕ್ಕೆ ವಾದ್ಯವನ್ನೂ, ವಾದ್ಯಕ್ಕೆ ಗೀತವನ್ನೂ ತಿಳಿದಿರಬೇಕೆಂದು ಉತ್ತರ ಕೊಡುವನು. ಇದು ಕೇವಲ ಶಾಸ್ತ್ರಕಾರರ ಅತಿಶಯೋಕ್ತಿಯೆಂದು ಭಾವಿಸುವವರು ನಮ್ಮ ಕಾಲದ ಇಬ್ಬರ ಚರಿತ್ರೆಯನ್ನು ನೋಡಬಹುದು.

ಮೈಸೂರಿನ ಕೆ. ವೆಂಕಟಪ್ಪನವರು (1886–1965) ಅರಮನೆಯ ಚಿತ್ರಕಾರರ ಮನೆತನದವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಇಂಗ್ಲಿಷ್ ಗ್ರಂಥಕ್ಕೆ (1913) ಚಿತ್ರಗಳನ್ನು ಬರೆದರು. ಊರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಾಸಮಾಡಿದರು. ಅವಿವಾಹಿತರಾಗಿ, ದಿನಚರಿ ಬರೆಯುತ್ತ, ಕಟ್ಟುನಿಟ್ಟಾದ ಏಕಾಂತದಲ್ಲಿ ಕೆಲಸ ಮಾಡಿದವರು ಅವರು. ಊಟಿಯ ಮಂಜು, ಬೆಳಗು, ಬೆಳುದಿಂಗಳುಗಳನ್ನು ಜಲವರ್ಣದಲ್ಲಿ ಅವರು ಹಿಡಿದಿರುವ ಬಗೆಯು ಅವರ ಪುರಾಣಚಿತ್ರಗಳಿಗಿಂತ ಮೇಲೆಂದು ನನ್ನ ಮತ. ಪುರಾಣಚಿತ್ರಗಳಲ್ಲಿ ಗುರುವಿನ ನೆರಳು ಉಂಟು; ಊಟಿಯ ಚಿತ್ರಗಳಲ್ಲಿ ಅವರೂ ಬೆಟ್ಟವೂ ಮಾತ್ರ ಇರುವರು. ಶ್ರುತಿ ಕೂಡಿಸುವವನು ಕಿವಿಗೊಟ್ಟು ಕಾಯುವಂತೆ, ಒಂದು ಬಣ್ಣದೊಳಗೆ ಇನ್ನೊಂದು ಕರಗುವವರೆಗೆ ಕಾದ ಸಹನೆಯು ಅಲ್ಲಿ ಕಾಣುವುದು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು (1911–1996) ಹಿಡಿದದ್ದು ಬೇರೆಯ ದಾರಿ. ಉಡುಪಿಯ ಸಮೀಪದ ಹಳ್ಳಿಯಿಂದ ಹೊರಟು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, 1949–50ರಲ್ಲಿ ಪ್ಯಾರಿಸ್ಸಿನಲ್ಲಿ ಅಭ್ಯಾಸಮಾಡಿದರು. ಪರರ ಕೃತಿಗಳನ್ನು ನೋಡುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಗೋಗ್ಯಾನ, ಅಮೃತಾ ಶೇರ್‌ಗಿಲ್ಲರ ಬಣ್ಣಗಳಿಂದ ಅವರು ಪಡೆದುದು ಅವರ ಕೃತಿಗಳಲ್ಲಿಯೇ ಕಾಣುವುದು. ಆದರೂ ಅವರ ರೇಖೆಯು ಯಾರಿಂದಲೂ ಕಡತಂದುದಲ್ಲ. ಲಯವನ್ನು ಅರಿಯಲೆಂದು ಅವರು ಎರಡು ವರುಷ ಕಥಕ್ ನೃತ್ಯವನ್ನು ಕಲಿತರು. ಕುಣಿಯುವ ದೇಹವನ್ನು ಅವರು ನಾಲ್ಕೈದು ಗೆರೆಗಳಲ್ಲಿ ನಿಲ್ಲಿಸುವಾಗ, ಮಾರ್ಕಂಡೇಯನ ಮಾತಿಗೆ ಬೇರೆ ಭಾಷ್ಯ ಬೇಕಿಲ್ಲವೆಂದು ತೋರುವುದು.

ಹೀಗೆ ಒಬ್ಬರು ವೀಣೆಯಿಂದಲೂ ಇನ್ನೊಬ್ಬರು ನೃತ್ಯದಿಂದಲೂ ತಮ್ಮ ಕೈಯನ್ನು ಹದಗೊಳಿಸಿಕೊಂಡರು. ಏಕಾಂತದಲ್ಲಿದ್ದವರು ಬರಿಯ ಗೋಡೆಯೊಳಗೆ ಇರಲಿಲ್ಲ. ಲೋಕ ಸುತ್ತಿದವರು ಸಮಾಧಿಯನ್ನು ಬಿಡಲಿಲ್ಲ. ಆದರೂ ಫಲದಲ್ಲಿ ಭೇದವುಂಟು. ಹೆಬ್ಬಾರರ ಗೆರೆಯನ್ನು ದೇಶವೆಲ್ಲ ಅವರ ಕಾಲದಲ್ಲಿಯೇ ಬಲ್ಲುದಾಯಿತು. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಯು ಬೆಂಗಳೂರಿನಲ್ಲಿ ತಲೆಯೆತ್ತಿದುದು ಅವರು ತೀರಿಕೊಂಡ ಮೇಲೆ. ಏಕಾಂತವು ಕೃತಿಯನ್ನು ಕಾಪಾಡಿತು. ಕೃತಿಯು ನೋಡುವವರನ್ನು ತಲಪುವುದು ಮಾತ್ರ ತಡವಾಯಿತು.

ಇನ್ನು ನೋಡುವವರಾದ ನಮ್ಮ ಸರದಿ. ಚಿತ್ರಸೂತ್ರವು ಆಚಾರ್ಯರು ರೇಖೆಯನ್ನೂ, ವಿಚಕ್ಷಣರು ವರ್ತನೆಯನ್ನೂ ಎಂದರೆ ನೆರಳು ಬೆಳಕಿನ ಹೊಂದಿಕೆಯನ್ನೂ, ಸ್ತ್ರೀಯರು ಆಭರಣವನ್ನೂ, ಉಳಿದ ಜನರು ಬಣ್ಣದ ಸಿರಿಯನ್ನೂ ಮೆಚ್ಚುವರೆಂದು ವಿಂಗಡಿಸಿದೆ. ಕಲಾಶಾಲೆಗಳಲ್ಲಿ ಹೆಣ್ಣುಮಕ್ಕಳೂ ರೇಖೆಯನ್ನು ಸಾಧಿಸುತ್ತಿರುವ ಈ ಕಾಲದಲ್ಲಿ ಮೂರನೆಯ ಮಾತನ್ನು ತಿದ್ದಿಕೊಳ್ಳಬೇಕು. ನಾಲ್ಕನೆಯದು ಮಾತ್ರ ಇಂದಿಗೂ ಸತ್ಯ. ಬೆಂಗಳೂರಿನ ಚಿತ್ರಸಂತೆಯಲ್ಲಿ ಜನಸಾಗರವು ನೆರೆಯುವುದು ಸಂತೋಷದ ಸಂಗತಿಯೇ. ಬಡ ಕಲಾವಿದನಿಗೆ ಅದರಿಂದ ನಾಲ್ಕು ಕಾಸು ಹುಟ್ಟುವುದು. ಆದರೆ ಸಂತೆಯ ನಡಿಗೆಯಲ್ಲಿ ಕಣ್ಣು ಬಣ್ಣವನ್ನು ದಾಟಿ ರೇಖೆಯವರೆಗೆ ಹೋಗುವುದಿಲ್ಲ.

ನಮ್ಮ ಬಾತಿಯ ಒಂದು ಮಗ್ಗುಲಿಗೆ ದಾವಣಗೆರೆ, ಇನ್ನೊಂದು ಮಗ್ಗುಲಿಗೆ ಹರಿಹರ. ದಾವಣಗೆರೆಯಲ್ಲಿ 1964ರಲ್ಲಿ ಆರಂಭವಾದ ಕಲಾಶಾಲೆಯು ಈಗ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿದೆ. ಹರಿಹರದಲ್ಲಿ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರನ ಗುಡಿಯಿದೆ. ಬಲಕ್ಕೆ ಹರನೂ ಎಡಕ್ಕೆ ಹರಿಯೂ ಆದ ಆ ಮೂರ್ತಿಯಲ್ಲಿ ಎರಡು ಸ್ವಭಾವಗಳನ್ನು ಒಂದೇ ದೇಹದಲ್ಲಿ ಕೂಡಿಸುವುದು ಎಂಥ ಕಷ್ಟದ ಕೆಲಸವೆಂಬುದನ್ನು ಕೈಮುಗಿದು ಹೊರಬರುವ ನಾವು ಎಷ್ಟು ಮಂದಿ ಯೋಚಿಸಿದ್ದೇವೆ? ಅಂಗಡಿಯ ಫಲಕ ಬರೆದು ಬದುಕುತ್ತಿದ್ದ ಕುಂಚದವರ ಅನ್ನವನ್ನು ಫ್ಲೆಕ್ಸ್ ಯಂತ್ರವು ಕಸಿದುಕೊಂಡಾಗಲೂ ನಾವು ಗಮನಿಸಲಿಲ್ಲ. ಇಲ್ಲಿ ಕಲಿತ ಹುಡುಗರು ನೋಡುವವರಿಲ್ಲದೆ ಬೆಂಗಳೂರಿಗೆ ಹೊರಟರೆ ತಪ್ಪು ಅವರದಲ್ಲ.

ಆದುದರಿಂದ ವಿದ್ಯಾವಂತ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯು ಸಣ್ಣದು. ಊರಿನಲ್ಲಿ ಚಿತ್ರಪ್ರದರ್ಶನ ನಡೆದಾಗ ಮನೆಮಂದಿಯೊಡನೆ ಹೋಗಿರಿ. ಎಲ್ಲವನ್ನೂ ನೋಡುವ ಆತುರ ಬೇಡ. ಮೂರು ಚಿತ್ರಗಳನ್ನು ಆರಿಸಿ, ಒಂದೊಂದರ ಮುಂದೆ ಕಾಲು ಗಂಟೆ ನಿಲ್ಲಿರಿ. ಬರೆದವನು ಎದುರಿಗಿದ್ದರೆ ಬೆಲೆಯನ್ನು ಕೇಳುವ ಮೊದಲು, ಈ ಗೆರೆ ಇಲ್ಲಿಯೇ ಏಕೆ ತಿರುಗಿತೆಂದು ಕೇಳಿರಿ. ಶಕ್ತಿಯಿದ್ದವರು ವರುಷಕ್ಕೊಂದು ಚಿತ್ರವನ್ನು ಕೊಂಡು, ಕ್ಯಾಲೆಂಡರಿನ ಮೊಳೆಗೆ ಅದನ್ನು ತೂಗುಹಾಕಿರಿ. ಮುಂದಿನ ಚಿತ್ರಕ್ಕೆ ಬೇಕಾದ ಬಣ್ಣವೂ ಧೈರ್ಯವೂ ಅದರಿಂದ ಆ ಹುಡುಗನಿಗೆ ಒದಗುವುವು.