ತೆರೆಯ ಮೇಲೆ ಕರಾವಳಿ: ದೃಶ್ಯ ಮತ್ತು ದುಡಿಮೆ

ಕನ್ನಡ ಚಲನಚಿತ್ರಗಳಲ್ಲಿ ಪ್ರಾದೇಶಿಕತೆ ಮೂಡಿಬಂದ ಬಗೆಯನ್ನು ಕುರಿತ ಚರ್ಚೆಗಳಲ್ಲಿ ಕರಾವಳಿಯ ಪ್ರಸ್ತಾಪ ಬಂದಾಗಲೆಲ್ಲ ಅದರ ಪ್ರಕೃತಿ ಸೌಂದರ್ಯದ ಮಾತೇ ಮುಂದಾಗುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಸುಮಾರು 320 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಈ ಸೀಮೆಗೆ ಒಂದು ಬದಿಯಲ್ಲಿ ಸಮುದ್ರ, ಇನ್ನೊಂದು ಬದಿಯಲ್ಲಿ ಸಹ್ಯಾದ್ರಿ. ನಡುವೆ ಅಳಿವೆಗಳು, ತೆಂಗು ಕಂಗಿನ ತೋಟಗಳು, ಬೈಲುಗದ್ದೆಗಳು. ಕ್ಯಾಮೆರಾದ ಕಣ್ಣಿಗೆ ಇಲ್ಲಿ ನೋಟಗಳ ಬರವಿಲ್ಲ. ಆದರೆ ನೋಟದ ಈ ಸಮೃದ್ಧಿಯೇ ವಿಮರ್ಶೆಗೆ ಒಂದು ತೊಡಕಾಗಿ ಪರಿಣಮಿಸಿದೆ. ಸಮುದ್ರ ಕಂಡಿತೆಂಬ ಮಾತ್ರಕ್ಕೆ ಚಿತ್ರವೊಂದು ಕರಾವಳಿಯದೆಂದು ಒಪ್ಪಿಕೊಳ್ಳುವ ರೂಢಿ ಬೆಳೆದಿದೆ. ಆ ಸಮುದ್ರದಲ್ಲಿ ಯಾರು ಬಲೆ ಬೀಸುತ್ತಾರೆ, ಆ ಗದ್ದೆಯನ್ನು ಯಾರು ಉಳುತ್ತಾರೆ, ಉಳುವವರಿಗೆ ಗದ್ದೆಯ ಮೇಲೆ ಹಕ್ಕಿದೆಯೇ, ಅವರು ಯಾವ ನುಡಿಯಲ್ಲಿ ಮಾತನಾಡುತ್ತಾರೆ ಎಂಬ ಪ್ರಶ್ನೆಗಳನ್ನು ಕೇಳಿದಾಗ ಕರಾವಳಿಯ ಚಿತ್ರಗಳ ಪಟ್ಟಿ ಗಣನೀಯವಾಗಿ ಕಿರಿದಾಗುತ್ತದೆ.

ದೃಶ್ಯವಾಗಿ ಮಾತ್ರ ಬಳಕೆಯಾದ ಕರಾವಳಿಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಹಾಡಿನ ಚಿತ್ರೀಕರಣಕ್ಕೆಂದು ಕಡಲ ದಂಡೆಗೆ ಬಂದು ಹೋಗುವ ನಾಯಕ ನಾಯಕಿಯರಿಗೆ ಅಲ್ಲಿಯ ಊರಿನ ಹೆಸರೂ ಬೇಕಾಗುವುದಿಲ್ಲ. ಸುನಿಲ್ ಕುಮಾರ್ ದೇಸಾಯಿ ಅವರ 'ನಮ್ಮೂರ ಮಂದಾರ ಹೂವೇ' (1996) ಈ ಸಾಲಿನಲ್ಲಿ ಉತ್ತಮವಾದುದು. ಕುಮಟಾ ತಾಲೂಕಿನ ಯಾಣದ ಕಪ್ಪು ಬಂಡೆಗಳನ್ನು ಅದು ನಾಡಿನ ಪ್ರೇಕ್ಷಕರಿಗೆಲ್ಲ ಪರಿಚಯಿಸಿತು, ಆ ಬಳಿಕ ಯಾಣ ಪ್ರವಾಸಿಗರ ತಾಣವಾಯಿತು. ಸಿನೆಮಾ ಒಂದು ಜಾಗವನ್ನು ಹೀಗೆ ಪ್ರಸಿದ್ಧಗೊಳಿಸುವುದು ತಪ್ಪೇನಲ್ಲ. ಆದರೆ ಪ್ರಸಿದ್ಧಿ ಪಡೆದದ್ದು ಬಂಡೆಯೇ ಹೊರತು ಅದರ ಸುತ್ತಲಿನ ಬದುಕಲ್ಲ.

ನುಡಿಯ ವಿಚಾರ ಇದಕ್ಕಿಂತ ಜಟಿಲವಾದುದು. ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ, ಹವ್ಯಕ ಕನ್ನಡ ಮೊದಲಾದವು ಒಂದೇ ಪೇಟೆಬೀದಿಯಲ್ಲಿ ಕೇಳಿಬರುತ್ತವೆ. ಮುಖ್ಯಧಾರೆಯ ಕನ್ನಡ ಸಿನೆಮಾ ಈ ಬಹುಭಾಷಿಕತೆಯನ್ನು ದೀರ್ಘಕಾಲ ಎರಡೇ ರೀತಿಯಲ್ಲಿ ನಿಭಾಯಿಸಿತು. ಒಂದೋ ಪಾತ್ರಗಳೆಲ್ಲ ಶಿಷ್ಟ ಕನ್ನಡದಲ್ಲಿ ಮಾತನಾಡಿದವು. ಇಲ್ಲವೇ ಕರಾವಳಿಯ ಉಚ್ಚಾರ ಹೋಟೆಲಿನ ಭಟ್ಟರ ಬಾಯಿಗೆ ಬಂದು ನಗೆಯ ಸರಕಾಯಿತು. ಗಂಭೀರವಾದ ಸಂಕಟವನ್ನು ಆ ಉಚ್ಚಾರದಲ್ಲಿಯೇ ಹೇಳಿಕೊಳ್ಳುವ ಅವಕಾಶ ಆ ಪಾತ್ರಗಳಿಗೆ ವಿರಳವಾಗಿ ಒದಗಿತು. 1971ರಲ್ಲಿ ತೆರೆಕಂಡ 'ಎನ್ನ ತಂಗಡಿ'ಯಿಂದ ಮೊದಲುಗೊಂಡ ತುಳು ಚಿತ್ರಗಳ ಪರಂಪರೆ ಈ ಕೊರತೆಗೆ ಒಂದು ಉತ್ತರವೆಂದು ಭಾವಿಸಬಹುದು. ಆದರೆ ಘಟ್ಟದ ಮೇಲಿನ ಪ್ರೇಕ್ಷಕರಿಗೆ ಅದು ಬಹುಮಟ್ಟಿಗೆ ತಲುಪದೇ ಉಳಿಯಿತು.

ಈ ಹಿನ್ನೆಲೆಯಲ್ಲಿ ಬಿ.ವಿ. ಕಾರಂತರ 'ಚೋಮನ ದುಡಿ' (1975) ವಿಶೇಷ ಗಮನಕ್ಕೆ ಅರ್ಹವಾದುದು. ಶಿವರಾಮ ಕಾರಂತರು 1930ರ ದಶಕದಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿದ ಈ ಚಿತ್ರ ಅತ್ಯುತ್ತಮ ಕಥಾಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಚೋಮನ ಪಾತ್ರ ವಹಿಸಿದ ಎಂ.ವಿ. ವಾಸುದೇವರಾಯರು ಶ್ರೇಷ್ಠ ನಟರೆನಿಸಿದರು. ಚಿತ್ರದಲ್ಲಿ ಸಮುದ್ರಕ್ಕೆ ಸ್ಥಾನವಿಲ್ಲ, ಸುಂದರ ದೃಶ್ಯಗಳ ಹಂಗೂ ಇಲ್ಲ. ಆದರೂ ಕರಾವಳಿಯ ಸಾಮಾಜಿಕ ರಚನೆಯನ್ನು ಇದರಷ್ಟು ನಿಖರವಾಗಿ ತೋರಿದ ಕನ್ನಡ ಚಿತ್ರಗಳು ಕಡಿಮೆ. ಧಣಿ ಸಂಕಪ್ಪಯ್ಯನ ಆಳಾದ ಚೋಮನಿಗೆ ಒಂದು ಜೋಡಿ ಎತ್ತುಗಳಿವೆ, ಉಳುವ ಆಸೆಯಿದೆ, ಉಳಲು ಭೂಮಿಯಿಲ್ಲ. ಹುಟ್ಟಿದ ಜಾತಿಯೇ ಅದಕ್ಕೆ ಅಡ್ಡಿ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ, ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ. ಮತಾಂತರಗೊಂಡರೆ ಭೂಮಿ ದೊರಕಬಹುದೆಂಬ ಆಸೆಯಿಂದ ಹೊರಟ ಚೋಮನನ್ನು ತನ್ನ ದೈವದ ಮೇಲಿನ ನಂಬಿಕೆ ಹಿಂದಕ್ಕೆ ಎಳೆಯುತ್ತದೆ. ಚೋಮ ಹೇಳಲಾರದ ಮಾತುಗಳನ್ನೆಲ್ಲ ದುಡಿ ಹೇಳುತ್ತದೆ. ತುಳುನಾಡಿನ ಆಳಿನ ಬಾಯಲ್ಲಿ ಕನ್ನಡವಿಡಬೇಕಾದ ಇಕ್ಕಟ್ಟನ್ನು ಚಿತ್ರ ಪರಿಹರಿಸಿಕೊಂಡದ್ದು ಈ ಮೂಲಕ ಎನ್ನಬೇಕು. ನುಡಿ ಸೋಲುವಲ್ಲಿ ಚರ್ಮವಾದ್ಯ ಕೆಲಸಕ್ಕೆ ಬರುತ್ತದೆ. ರಂಗಭೂಮಿಯ ಸಂಗೀತದಲ್ಲಿ ಪಳಗಿದ ಬಿ.ವಿ. ಕಾರಂತರಿಗೆ ಇದು ಸಹಜವಾಗಿ ಒಲಿದ ಮಾರ್ಗ.

ಚಿತ್ರ ಬಂದ ಕಾಲವನ್ನೂ ಇಲ್ಲಿ ಗಮನಿಸಬೇಕಾಗುತ್ತದೆ. ಗೇಣಿ ಪದ್ಧತಿಯನ್ನು ರದ್ದುಗೊಳಿಸಿದ ಭೂಸುಧಾರಣಾ ತಿದ್ದುಪಡಿ ಕಾಯಿದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಮೂಲಗೇಣಿ, ಚಾಲಗೇಣಿಗಳ ಜಾಲದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಅದರ ಪರಿಣಾಮ ರಾಜ್ಯದ ಇತರ ಬಹುಪಾಲು ಭಾಗಗಳಿಗಿಂತ ಆಳವಾಗಿತ್ತು. ಗೇಣಿದಾರರು ನಮೂನೆ 7ರ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಳಿಯ ಮುಂದೆ ನಿಂತರು. 'ಡಿಕ್ಲರೇಶನ್ ಹಾಕುವುದು' ಎಂಬುದು ಊರ ಮಾತಾಯಿತು. ಆ ಹೊತ್ತಿಗೆ ತೆರೆಗೆ ಬಂದ ಚೋಮ ಪ್ರೇಕ್ಷಕರಿಗೆ ಕಳೆದುಹೋದ ಕಾಲದ ವ್ಯಕ್ತಿಯಾಗಿ ಕಂಡಿರಬಹುದಾದರೂ ವಾಸ್ತವ ಬೇರೆಯೇ ಆಗಿತ್ತು. ಕಾಯಿದೆ ಒಡೆತನ ನೀಡಿದ್ದು ಗೇಣಿಗೆ ಭೂಮಿ ಹಿಡಿದಿದ್ದವರಿಗೆ. ಚೋಮನಿಗೆ ಗೇಣಿಯೂ ಇರಲಿಲ್ಲ. ಚೋಮ 1974ರವರೆಗೆ ಬದುಕಿದ್ದರೂ ಮಂಡಳಿಯ ಮುಂದಿಡಲು ಅವನಲ್ಲಿ ಚೀಟಿಯೊಂದೂ ಇರುತ್ತಿರಲಿಲ್ಲ ಎಂಬುದನ್ನು ನೆನೆದರೆ, ಬಾಗಿಲು ಮುಚ್ಚಿ ಸಾಯುವತನಕ ದುಡಿ ಬಡಿಯುವ ಕೊನೆಯ ದೃಶ್ಯಕ್ಕೆ ಚಿತ್ರಕಾರರು ಉದ್ದೇಶಿಸಿರದ ಅರ್ಥವೊಂದು ಸೇರಿಕೊಳ್ಳುತ್ತದೆ.

ದೂರದರ್ಶನದ ಪಾಲಿಗೆ ಕರಾವಳಿ ಬಂದದ್ದು ಸದಾನಂದ ಸುವರ್ಣರ 'ಗುಡ್ಡದ ಭೂತ'ದ ಮೂಲಕ. ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ಬಹುಕಾಲ ದುಡಿದ, 'ಘಟಶ್ರಾದ್ಧ' (1977) ಚಿತ್ರದ ನಿರ್ಮಾಪಕರೂ ಆಗಿದ್ದ ಸುವರ್ಣರು ತುಳು ನಾಟಕವೊಂದನ್ನು ಆಧರಿಸಿ 1990ರ ಆಸುಪಾಸಿನಲ್ಲಿ ರೂಪಿಸಿದ ಈ ಧಾರಾವಾಹಿ ಹದಿಮೂರು ಕಂತುಗಳಲ್ಲಿ ಮುಗಿಯಿತು. ಪ್ರಕಾಶ್ ರೈ ಆಗಿನ್ನೂ ಹೆಸರಾಗಿರದ ನಟ. ಒಂದೇ ವಾಹಿನಿಯಿದ್ದ ಆ ದಿನಗಳಲ್ಲಿ ಧಾರಾವಾಹಿಯೆಂದರೆ ಆರಂಭ ಅಂತ್ಯಗಳುಳ್ಳ ಒಂದು ಕೃತಿಯಾಗಿತ್ತು; ವರ್ಷಗಟ್ಟಲೆ ಎಳೆಯುವ ದೈನಿಕ ಸರಕಾಗಿರಲಿಲ್ಲ. ತುಳು ಪಾಡ್ದನದ ಧಾಟಿಯ ಅದರ ಶೀರ್ಷಿಕೆ ಗೀತೆ ತುಳು ಬಾರದವರ ನೆನಪಿನಲ್ಲಿಯೂ ನೆಲೆನಿಂತಿತು. ಇಪ್ಪತ್ತೈದು ವರ್ಷಗಳ ಬಳಿಕ ಅನೂಪ್ ಭಂಡಾರಿ ಅವರು 'ರಂಗಿತರಂಗ' (2015) ಚಿತ್ರದಲ್ಲಿ ಆ ಗೀತೆಯನ್ನೂ ಗುಡ್ಡದ ಭೂತದ ಭಯವನ್ನೂ ಮರಳಿ ಬಳಸಿಕೊಂಡರು. ಕಮರೊಟ್ಟು ಎಂಬ ಕಲ್ಪಿತ ಊರಿನಲ್ಲಿ ನಡೆಯುವ ಆ ರೋಚಕ ಕಥೆಗೆ ಕರಾವಳಿಯ ದಟ್ಟ ಹಸಿರು ಮತ್ತು ಮಬ್ಬು ಅಗತ್ಯವಾದವು. ಅಲ್ಲಿಯ ಜನರ ದೈನಂದಿನ ಬದುಕು ಅಷ್ಟು ಅಗತ್ಯವಾಗಲಿಲ್ಲ.

ಉಪಗ್ರಹ ವಾಹಿನಿಗಳು ಬಂದ ಮೇಲೆ ದೈನಿಕ ಧಾರಾವಾಹಿಗಳ ಕನ್ನಡ ಬಹುತೇಕ ಬೆಂಗಳೂರಿನ ನಡುಮನೆಯ ಕನ್ನಡವಾಯಿತು. ಈ ಬದಲಾವಣೆಯನ್ನು ಕರಾವಳಿಯ ಕಡೆಯಿಂದ ನಿಂತು ನೋಡಿದ ಕೃತಿಯೊಂದು ಧಾರಾವಾಹಿಯಾಗಿ ಬರದೆ ಸಿನೆಮಾ ಆಗಿ ಬಂದಿತು. ಗಿರೀಶ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್' (2008) ವೈದೇಹಿ ಅವರ ಕಥೆಯನ್ನು ಆಧರಿಸಿದೆ. ಆದರೆ ಕಥೆಯಲ್ಲಿ ಊರಿಗೆ ಬರುವುದು ಚಿತ್ರಮಂದಿರವಾದರೆ, ಚಿತ್ರದಲ್ಲಿ ಬರುವುದು ಡಿಶ್ ಆಂಟೆನಾ ಹೊತ್ತ ಟೆಲಿವಿಷನ್. ಕಾಲ ಕಾರ್ಗಿಲ್ ಯುದ್ಧದ ಆಸುಪಾಸಿಗೆ, ಅಂದರೆ 1999ರ ಸುಮಾರಿಗೆ ಸರಿದಿದೆ. ಸ್ಥಳ ಕುಂದಾಪುರದ ಬಳಿಯ ಮೀನುಗಾರರ ಊರು. ನಾಯಕಿ ಗುಲಾಬಿ ಮುಸ್ಲಿಂ ಸೂಲಗಿತ್ತಿ. ಮೂಲ ಕಥೆಗೆ ನಿಷ್ಠವಾಗಿಲ್ಲವೆಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿದೆಯಾದರೂ, ಈ ಬದಲಾವಣೆಗಳಿಂದಲೇ ಚಿತ್ರಕ್ಕೆ ತನ್ನದೇ ಆದ ವಸ್ತು ದೊರಕಿತು. ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಬಂದ ಟೆಲಿವಿಷನ್ ಗುಲಾಬಿಯ ಗುಡಿಸಲನ್ನು ಊರ ಹೆಂಗಸರ ಕೂಡುತಾಣವನ್ನಾಗಿ ಮಾಡುತ್ತದೆ. ಅದೇ ಹೊತ್ತಿಗೆ ದೊಡ್ಡ ದೋಣಿಗಳವರಿಗೂ ಸಣ್ಣ ದೋಣಿಗಳವರಿಗೂ ನಡುವಿನ ವ್ಯವಹಾರದ ಜಗಳ ನಿಧಾನವಾಗಿ ಮತದ ಜಗಳದ ರೂಪ ತಾಳುತ್ತದೆ.

ಮೀನುಗಾರಿಕೆಯ ಚರಿತ್ರೆ ಬಲ್ಲವರಿಗೆ ಈ ಜಗಳದ ಬೇರು ಎಲ್ಲಿದೆಯೆಂಬುದು ತಿಳಿದಿದೆ. ಊರವರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳ ಮುಂದೆ ಸೋತಿತು. ಬಂಡವಾಳವಿದ್ದವರು ಆಳಕಡಲಿಗೆ ಹೋದರು, ಇಲ್ಲದವರು ನಾಡದೋಣಿಯಲ್ಲಿ ಉಳಿದರು. ಕಾಸರವಳ್ಳಿ ಈ ಚರಿತ್ರೆಯನ್ನು ಭಾಷಣವಾಗಿಸುವುದಿಲ್ಲ. ಟೆಲಿವಿಷನ್ನಿನಲ್ಲಿ ಯುದ್ಧದ ಸುದ್ದಿ ಬರುತ್ತದೆ, ದಡದಲ್ಲಿ ಗುಸುಗುಸು ಬೆಳೆಯುತ್ತದೆ, ಗುಲಾಬಿಯ ಮನೆಗೆ ಬರುತ್ತಿದ್ದ ನೇತ್ರು ಕಾಣೆಯಾದಾಗ ಅಪವಾದ ಗುಲಾಬಿಯ ಮೇಲೆ ಬೀಳುತ್ತದೆ. ಗುಲಾಬಿಯನ್ನು ಊರಿನಿಂದ ಹೊರಹಾಕಿದ ಮೇಲೂ ಟೆಲಿವಿಷನ್ ಅಲ್ಲಿಯೇ ಉಳಿಯುತ್ತದೆ. ಅದುವರೆಗೆ ಆ ಮನೆಯ ಹೊಸ್ತಿಲು ತುಳಿಯದಿದ್ದ ಇಬ್ಬರು ಮುದುಕಿಯರು ಒಳಹೋಗುತ್ತಾರೆ. ಈ ಪಾತ್ರಕ್ಕಾಗಿ ಉಮಾಶ್ರೀ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಸಂದಿತು. ಅದಕ್ಕಿಂತಲೂ ಮುಖ್ಯವಾದುದು, ಕುಂದಾಪುರದ ಕನ್ನಡ ಈ ಚಿತ್ರದಲ್ಲಿ ನಗೆಯ ಸಾಧನವಾಗದೆ ದುಃಖದ, ಆಸೆಯ, ಹಗೆಯ ನುಡಿಯಾಗಿ ನಿಂತದ್ದು. ಸಮುದ್ರವೂ ಹಾಗೆಯೇ, ಇಲ್ಲಿ ಅದು ಕೆಲಸದ ಜಾಗ.

ರಕ್ಷಿತ್ ಶೆಟ್ಟಿ ಅವರ 'ಉಳಿದವರು ಕಂಡಂತೆ' (2014) ಕಲಾಚಿತ್ರದ ಈ ಗಳಿಕೆಯನ್ನು ಜನಪ್ರಿಯ ಚಿತ್ರದ ಚೌಕಟ್ಟಿಗೆ ತಂದಿತು. ಕಥೆ ನಡೆಯುವುದು ಮಲ್ಪೆಯಲ್ಲಿ, ಅಷ್ಟಮಿಯ ಸಂಭ್ರಮದ ಸುತ್ತ. ಮಳೆಗಾಲದ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ಮೇಲಿನ ದಿನಗಳವು. ಹುಲಿವೇಷ ಹಾಕುವ ಬಾಲು, ದೋಣಿಯ ಮೆಕ್ಯಾನಿಕ್ ಮುನ್ನ, ಮೀನು ಮಾರುವ ಶಾರದೆ, ಮುಂಬಯಿಗೆ ಓಡಿಹೋಗಿ ಮರಳಿದ ರಾಘು ಇವರೆಲ್ಲರಿಗೂ ಕಸುಬೊಂದಿದೆ ಅಥವಾ ಕಸುಬು ತಪ್ಪಿದ ಕಾರಣವಿದೆ. ಅಪರಾಧ ಕಥನದ ಅಬ್ಬರದಲ್ಲಿ ಇವು ಕೆಲವೆಡೆ ಮಸುಕಾಗುತ್ತವೆ ಎಂಬುದೂ ನಿಜ; ರಿಚ್ಚಿಯ ಠೀವಿಗೆ ಚಿತ್ರ ಕೊಡುವ ಸಮಯ ಮುನ್ನನ ಮೌನಕ್ಕೆ ಕೊಡುವ ಸಮಯಕ್ಕಿಂತ ಹೆಚ್ಚು. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು ಮೀನುಗಾರರ ನಡುವೆ ತಂದಿರಿಸಿದ ಅಭಯ ಸಿಂಹ ಅವರ ತುಳು ಚಿತ್ರ 'ಪಡ್ಡಾಯಿ' (2018) ಇದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಗಿದೆ. ಅಲ್ಲಿ ಸಿಂಹಾಸನದ ಸ್ಥಾನದಲ್ಲಿ ದೋಣಿಯ ಒಡೆತನವಿದೆ.

ರಿಷಬ್ ಶೆಟ್ಟಿ ಅವರ 'ಕಾಂತಾರ' (2022) ಕರಾವಳಿಯ ನುಡಿಯನ್ನು ದೇಶದ ಉದ್ದಗಲಕ್ಕೆ ಕೇಳಿಸಿತು. ಅದರ ಸಾಧನೆ ಅಲ್ಪವಾದುದಲ್ಲ. ಕಂಬಳ, ಕೋಲ, ಬೇಟೆ, ಜಾತಿಯ ಅಂತರ ಎಲ್ಲವನ್ನೂ ಬಲ್ಲವರ ಆತ್ಮವಿಶ್ವಾಸದಿಂದ ಚಿತ್ರ ನಿರೂಪಿಸುತ್ತದೆ. ಚೋಮನ ದುಡಿಯಂತೆ ಇದೂ ಭೂಮಿಯ ಕಥೆ. ಎರಡರಲ್ಲಿಯೂ ದೈವವಿದೆ, ಧಣಿಯಿದ್ದಾನೆ, ಆಕಸ್ಮಿಕವೋ ಏನೋ, ಎರಡರಲ್ಲಿಯೂ ಗುರುವ ಎಂಬ ಹೆಸರಿನ ಯುವಕನೊಬ್ಬನಿದ್ದಾನೆ. ಆದರೆ ಚೋಮನಿಗೆ ದೈವ ಭೂಮಿ ಕೊಡಿಸುವುದಿಲ್ಲ, ಬದಲಾಗಿ ಭೂಮಿಯ ದಾರಿಯಿಂದ ಹಿಂದಕ್ಕೆ ಸೆಳೆಯುತ್ತದೆ. ಕಾಂತಾರದಲ್ಲಿ ಭೂಮಿ ಬಂದದ್ದೇ ದೈವದ ಮೂಲಕ: 1847ರಲ್ಲಿ ಅರಸನೊಬ್ಬ ಮನಶ್ಶಾಂತಿಗಾಗಿ ದೈವವನ್ನು ಪಡೆದು ಊರವರಿಗೆ ನೆಲ ಬಿಟ್ಟುಕೊಡುತ್ತಾನೆ. 1970ರಲ್ಲಿ ಅವನ ವಂಶದವನೊಬ್ಬ ನೆಲವನ್ನು ಮರಳಿ ಕೇಳಿದಾಗ ನ್ಯಾಯಾಲಯದ ಮೆಟ್ಟಿಲಲ್ಲಿ ರಕ್ತ ಕಾರಿ ಸಾಯುತ್ತಾನೆ. ಅಲ್ಲಿಂದ ಕಥೆ ನೇರವಾಗಿ 1990ಕ್ಕೆ ಜಿಗಿಯುತ್ತದೆ.

ಈ ಜಿಗಿತದ ನಡುವೆ ಬಿದ್ದುಹೋದದ್ದು 1974. ಕರಾವಳಿಯ ಭೂಸಂಬಂಧಗಳನ್ನು ಬುಡಸಹಿತ ಅಲುಗಿಸಿದ ಕಾಯಿದೆಯ ನೆರಳೂ ಚಿತ್ರದ ಮೇಲೆ ಬೀಳುವುದಿಲ್ಲ. ಒಕ್ಕಲಿನ ಹಕ್ಕು ಅಲ್ಲಿ ಅರಸನ ದಾನವಾಗಿ, ದೈವದ ವಾಕ್ಯವಾಗಿ ಉಳಿಯುತ್ತದೆ. ಕೊನೆಯಲ್ಲಿ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಕೂಡಿಸುವವನೂ ದೈವವೇ. ಇದನ್ನು ಕೇವಲ ಚಾರಿತ್ರಿಕ ಲೋಪವೆಂದು ಬಿಟ್ಟುಬಿಡಲಾಗದು. ನುಡಿಯನ್ನೂ ಆಚರಣೆಯನ್ನೂ ಇಷ್ಟು ನಿಖರವಾಗಿ ತಂದ ಚಿತ್ರವೇ ದುಡಿಮೆಯ ಹಕ್ಕಿನ ಪ್ರಶ್ನೆಯನ್ನು ಪವಾಡಕ್ಕೆ ಒಪ್ಪಿಸಿದಾಗ, ಹಿಂದೆ ಕಡಲ ದಂಡೆ ವಹಿಸುತ್ತಿದ್ದ ಪಾತ್ರವನ್ನು ಕೋಲ ವಹಿಸತೊಡಗುತ್ತದೆ. ಬೆಂಕಿ, ಬಣ್ಣ, ಸಿರಿಗಳ ವೈಭವ ಹೊಸ ಪ್ರಕೃತಿ ಸೌಂದರ್ಯವಾಗುತ್ತದೆ. ಚಿತ್ರ ಬಿಡುಗಡೆಯಾದ ತಿಂಗಳೊಳಗೆ, 2022ರ ಅಕ್ಟೋಬರಿನಲ್ಲಿ, ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ಸರ್ಕಾರ ಘೋಷಿಸಿತು. ವೇಷ ಕಟ್ಟುವ ಸಮುದಾಯಗಳ ಬಡತನ ಆ ಮೂಲಕವಾದರೂ ಚರ್ಚೆಗೆ ಬಂದದ್ದು ಸ್ವಾಗತಾರ್ಹವೇ. ಆದರೆ ಆ ಬಡತನದ ಕಾರಣಗಳು ಚಿತ್ರದಲ್ಲಿಯೂ ಇರಲಿಲ್ಲ, ಘೋಷಣೆಯಲ್ಲಿಯೂ ಇರಲಿಲ್ಲ.

2025ರ ಅಕ್ಟೋಬರ್ 2ರಂದು ತೆರೆಕಂಡ 'ಕಾಂತಾರ: ಅಧ್ಯಾಯ 1' ಕಥೆಯನ್ನು ಇನ್ನೂ ಹಿಂದಕ್ಕೆ, ಕದಂಬರ ಕಾಲಕ್ಕೆ ಒಯ್ದಿದೆ. ಕರಾವಳಿಯ ಕಥನ ಹೀಗೆ ಪ್ರಾಚೀನದತ್ತ ಸರಿಯುತ್ತಿರುವಾಗ, ನಮೂನೆ 7ರ ಅರ್ಜಿಯನ್ನು ಕೈಯಲ್ಲಿ ಹಿಡಿದು ತಾಲೂಕು ಕಚೇರಿಯ ಜಗಲಿಯಲ್ಲಿ ಕಾದ ಚಾಲಗೇಣಿದಾರನಾಗಲಿ, ಅವನ ಹಿಂದೆ ಅರ್ಜಿಯೂ ಇಲ್ಲದೆ ನಿಂತ ಚೋಮನ ಸಂತತಿಯಾಗಲಿ ಇಲ್ಲಿ ಪರಿಶೀಲಿಸಿದ ಯಾವ ಚಿತ್ರದಲ್ಲಿಯೂ ಕಾಣಸಿಗುವುದಿಲ್ಲ.