ಚಂಡೆ ಕೆಳಗಿಡದ ಮೇಳ

ತಮ್ಮ ಆ ಕ್ಯಾಸೆಟ್ಟನ್ನು ಮನೆಗೆ ತಂದದ್ದು 1992ರ ಮಳೆಗಾಲದಲ್ಲಿ. ಭಟ್ಕಳದಲ್ಲಿ ಅವನ ಜೊತೆ ಓದುತ್ತಿದ್ದ ಹುಡುಗನ ಅಣ್ಣ ದುಬೈಯಿಂದ ಬರುವಾಗ ಸೆಂಟು, ಟಾರ್ಚುಗಳ ಜೊತೆಗೆ ತಂದದ್ದಂತೆ. ಮಾವಳ್ಳಿಯ ನಮ್ಮ ಮನೆಯ ಉಪ್ಪರಿಗೆಯಲ್ಲಿ ಟೇಪ್ ರೆಕಾರ್ಡರ್ ಹಚ್ಚಿದನೋ ಇಲ್ಲವೋ, ಕೆಳಗೆ ಅಕ್ಕಿ ಆರಿಸುತ್ತಿದ್ದ ಆಯಿ ಮೊರ ಬದಿಗಿಟ್ಟು, "ಎಂತದಾ ಅದು? ಯಾರಿಗಾದ್ರೂ ಮೈಮೇಲೆ ಬಂತಾ?" ಎಂದು ಕೂಗಿದಳು.

"ಹಾಡು, ಆಯಿ."

"ಹಾಡಾದ್ರೆ ಹೇಳುವವನಿಗೆ ಅಷ್ಟು ನೋವೆಂತಕ್ಕೆ?"

ಕ್ಯಾಸೆಟ್ಟಿನ ಹೆಸರು 'ಮೆಷಿನ್ ಹೆಡ್'. ಇಂಗ್ಲೆಂಡಿನ 'ಡೀಪ್ ಪರ್ಪಲ್' ಎಂಬ ಐವರ ತಂಡ 1972ರಲ್ಲಿ ಹೊರತಂದದ್ದು. ಒಟ್ಟು ಏಳೇ ಹಾಡು, ನಲವತ್ತು ನಿಮಿಷವೂ ಇಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನಗೂ ಮೊದಲ ಸಲ ಒಂದು ಮಾತೂ ತಿಳಿಯಲಿಲ್ಲ. ಅದನ್ನು ತಮ್ಮನ ಮುಂದೆ ಒಪ್ಪಿಕೊಳ್ಳಲಿಲ್ಲ, ಬಿಡಿ.

ಕೇಳುತ್ತ ಕೇಳುತ್ತ ಕಿವಿ ಪಳಗಿತು. ಮೊದಲ ಹಾಡು 'ಹೈವೇ ಸ್ಟಾರ್' ನಿಜಕ್ಕೂ ಮೈ ನಡುಗಿಸುವಂಥದ್ದು. ಇಯಾನ್ ಪೇಸನ ಡ್ರಮ್ಮು ಒಂದು ಕ್ಷಣ ಹಿಂದೆ ಬೀಳುವುದಿಲ್ಲ. ಜಾನ್ ಲಾರ್ಡ್ ಎಂಬವನು ಹ್ಯಾಮಂಡ್ ಆರ್ಗನ್ ನುಡಿಸುತ್ತಾನೆ. ನಮ್ಮ ಭಜನೆಯ ಹಾರ್ಮೋನಿಯಮ್ಮಿನ ಶ್ರೀಮಂತ ನೆಂಟ ಎಂದುಕೊಳ್ಳಿ. ಆದರೆ ಅವನು ಅದನ್ನು ಗಿಟಾರಿನ ಆಂಪ್ಲಿಫೈಯರಿಗೆ ಜೋಡಿಸಿ ಗುರುಗುಟ್ಟುವಂತೆ ಮಾಡಿದ್ದ. ರಿಚಿ ಬ್ಲಾಕ್‌ಮೋರನ ಗಿಟಾರು ನಡುವೆ ಸರಸರನೆ ಓಡುತ್ತದಲ್ಲ, ಅದು ಸಿಕ್ಕಾಪಟ್ಟೆ ಓಟವಲ್ಲ. ಬಾಖ್ ಕಾಲದ ಚರ್ಚಿನ ಸಂಗೀತದ ಸ್ವರಜೋಡಣೆಯ ಮೇಲೆ ಲೆಕ್ಕ ಹಾಕಿ ಕಟ್ಟಿದ್ದು. ಗಲಾಟೆ ಮಾಡುವುದಕ್ಕೂ ಇಷ್ಟು ಅಭ್ಯಾಸ ಬೇಕೆಂದು ನನಗೆ ಗೊತ್ತಿರಲಿಲ್ಲ.

ಆದರೆ ಮಾತು ತಿಳಿದ ದಿನ ನಗು ಬಂತು. ಮೊದಲು ನನ್ನ ಕಾರು, ಆಮೇಲೆ ನನ್ನ ಹುಡುಗಿ, ಆಮೇಲೆ ನನ್ನ ತಲೆ – ಯಾರೂ ಕಸಿಯಕೂಡದು ಎನ್ನುತ್ತಾನೆ. ಮೂರಕ್ಕೂ ಒಂದೇ ವರಸೆ, ಒಂದೇ ಹೊಗಳಿಕೆ. ಹುಡುಗಿಗೆ ಕಾರಿಗಿಂತ ಒಂದು ಗುಣವಾದರೂ ಹೆಚ್ಚು ಹೇಳಬಾರದಿತ್ತೆ? "ಅಕ್ಕಾ, ಈ ಹಾಡಿನಲ್ಲಿ ಅರ್ಥ ಹುಡುಕಬಾರದು" ಎಂದ ತಮ್ಮ. ಹೆಂಗಸರ ಬಗ್ಗೆ ಹೇಳಿದ ಮಾತಿಗೆ ಮಾತ್ರ ಅರ್ಥ ಹುಡುಕಬಾರದೆಂದು ಯಾಕೆ ಹೇಳುತ್ತಾರೋ!

ಎರಡನೆಯ ಹಾಡು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನಾಲ್ಕನೆಯದು ತೀರ ಸಾಧಾರಣ. ತಮಾಷೆಯೆಂದರೆ ಜನಕ್ಕೆ ಹಿಡಿಸೀತೆಂದು ತಂಡದವರು ಮೊದಲು ಬಿಡಿ ರೆಕಾರ್ಡಾಗಿ ಹೊರತಂದದ್ದು ಇದನ್ನೇ. ಜಗತ್ತಿಗೆಲ್ಲ ಗೊತ್ತಾದದ್ದು 'ಸ್ಮೋಕ್ ಆನ್ ದ ವಾಟರ್'.

ಅದರ ಹಿಂದಿನ ಕತೆ ಕೇಳಿ. 1971ರ ಡಿಸೆಂಬರಿನಲ್ಲಿ ಇವರು ರೆಕಾರ್ಡ್ ಮಾಡಲು ಸ್ವಿಟ್ಜರ್‌ಲೆಂಡಿನ ಮಾಂಟ್ರೋ ಎಂಬ ಸರೋವರದ ದಂಡೆಯ ಊರಿಗೆ ಹೋದರು. ಅಲ್ಲಿನ ಕ್ಯಾಸಿನೋ ಕಟ್ಟಡದಲ್ಲಿ ಕೆಲಸ ಎಂದು ಗೊತ್ತಾಗಿತ್ತು. 4ನೇ ತಾರೀಕು ಅಲ್ಲಿ ಫ್ರಾಂಕ್ ಜಾಪಾನ ಕಛೇರಿ ನಡೆಯುವಾಗ ಯಾರೋ ಬೆಳಕಿನ ಬಾಣ ಹಾರಿಸಿ, ಮಾಡಿಗೆ ತಾಗಿ, ಇಡೀ ಕಟ್ಟಡ ಸುಟ್ಟುಹೋಯಿತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ಹೊಗೆ ನೀರಿನ ಮೇಲೆ ಹಬ್ಬುವುದನ್ನು ಇವರು ನೋಡುತ್ತ ನಿಂತರು. ಬೇರೊಂದು ಸಭಾಂಗಣಕ್ಕೆ ಹೋದರೆ ನೆರೆಯವರು ದೂರು ಕೊಟ್ಟು ಪೊಲೀಸರು ಬಂದರು. ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಗ್ರಾಂಡ್ ಹೋಟೆಲಿನ ಓಣಿಯಲ್ಲಿ ಹಾಸಿಗೆಗಳನ್ನು ಗೋಡೆಗೆ ಆನಿಸಿ, ರೋಲಿಂಗ್ ಸ್ಟೋನ್ಸ್ ತಂಡದ ರೆಕಾರ್ಡಿಂಗ್ ಲಾರಿಯನ್ನು ಹೊರಗೆ ನಿಲ್ಲಿಸಿ ಕೆಲಸ ಮುಗಿಸಿದರು. ಗ್ಯಾಸು ಮುಗಿದ ದಿನ ನೆಂಟರು ಬಂದರೆ ನಾವು ಒಲೆ ಹೂಡುವುದಿಲ್ಲವೇ, ಹಾಗೆ.

ಈ ಹಾಡಿನ ಹೆಚ್ಚುಗಾರಿಕೆ ಇದು: ಎಲ್ಲಿ ಇಳಿದೆವು, ಏನು ಸುಟ್ಟಿತು, ಯಾರು ಓಡಾಡಿ ಜನರನ್ನು ಹೊರಗೆಳೆದರು ಎಂದು ಬೆಂಕಿ ನೋಡಿ ಬಂದ ಪಕ್ಕದ ಮನೆಯವರು ಕಟ್ಟೆಯ ಮೇಲೆ ಕೂತು ಹೇಳಿದಂತೆ ಹೇಳುತ್ತದೆ. ಅಲಂಕಾರವಿಲ್ಲ. ಗಿಟಾರಿನ ಆ ನಾಲ್ಕೇ ಸ್ವರದ ಸೊಲ್ಲನ್ನು ನಮ್ಮ ಆಯಿಯೂ ಹಾಲು ಕಾಯಿಸುವಾಗ ಗುನುಗುತ್ತಿದ್ದಳು. ಕೇಳಿದರೆ ಒಪ್ಪುತ್ತಿರಲಿಲ್ಲ.

ನನಗೆ ತಕರಾರಿರುವುದು ಮೂರನೆಯ ಹಾಡಿನ ಬಗ್ಗೆ. 'ಪಿಕ್ಚರ್ಸ್ ಆಫ್ ಹೋಮ್', ಮನೆಯ ಚಿತ್ರಗಳು. ಪರದೇಶದ ಹಿಮದ ಬೆಟ್ಟಗಳ ನಡುವೆ ಒಂಟಿಯಾದವನೊಬ್ಬನಿಗೆ ಮನೆ ನೆನಪಾಗುತ್ತದೆ. ವಿಷಯ ಇಷ್ಟು ಒಳ್ಳೆಯದು, ರೋಜರ್ ಗ್ಲೋವರನ ಬೇಸ್ ಗಿಟಾರು ಒಂದು ಗಳಿಗೆ ಒಂಟಿಯಾಗಿ ನುಡಿಯುವುದೂ ಚೆಂದ. ಆದರೆ ಡ್ರಮ್ಮು ಅವನನ್ನು ಕೂತು ಅಳಲು ಬಿಡುವುದಿಲ್ಲ, ಅಟ್ಟಿಸಿಕೊಂಡು ಹೋಗುತ್ತದೆ. ಯಕ್ಷಗಾನ ನೋಡಿದವರಿಗೆ ಗೊತ್ತು: ವೀರವೇಷ ಬರುವಾಗ ಚಂಡೆ ಊರನ್ನೇ ಎಬ್ಬಿಸುತ್ತದೆ. ಕರುಣರಸಕ್ಕೆ ಬಂದಾಗ ಚಂಡೆಯವನು ಕೈ ಕಟ್ಟುತ್ತಾನೆ. ಭಾಗವತರು, ಮದ್ದಳೆ, ತಾಳ, ಅಷ್ಟೇ ಉಳಿಯುತ್ತದೆ. ಚಂಡೆ ಸುಮ್ಮನಾದದ್ದರಿಂದಲೇ ಹೆಂಗಸರ ಸೆರಗು ಕಣ್ಣಿಗೆ ಹೋಗುತ್ತದೆ. ಇದು ಚಂಡೆ ಕೆಳಗಿಡದ ಮೇಳ.

1994ರಲ್ಲಿ ತಮ್ಮನೂ ದುಬೈಗೆ ಹೋದ. ಕಾಗದದಲ್ಲಿ ಪ್ರತಿಸಲವೂ "ಆರಾಮಿದ್ದೇನೆ" ಎಂಬ ಒಂದೇ ಪದ. 1998ರಲ್ಲಿ ಅಪ್ಪಯ್ಯ ಹೋದಾಗ ರಜೆ ಸಿಕ್ಕದೆ, ಮುಂಬೈಗೆ ಬಂದಿಳಿದು, ಆಗಷ್ಟೇ ಶುರುವಾಗಿದ್ದ ಕೊಂಕಣ ರೈಲು ಹತ್ತಿ ಮುರ್ಡೇಶ್ವರದಲ್ಲಿ ಇಳಿಯುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಒಂದು ಹನಿ ಕಣ್ಣೀರಿಲ್ಲ. ರಾತ್ರಿ ಉಪ್ಪರಿಗೆಗೆ ಹೋಗಿ 'ಹೈವೇ ಸ್ಟಾರ್' ಹಚ್ಚಿದ. ಸೂತಕದ ಮನೆಯಲ್ಲಿ! ನಾನು ಹತ್ತಿ ಹೋಗಿ ವೈರು ಕಿತ್ತೆ. ಅವನು ಏನೂ ಹೇಳಲಿಲ್ಲ. ಆಯಿಯೂ ಏನೂ ಹೇಳಲಿಲ್ಲ. ಆ ಕ್ಯಾಸೆಟ್ಟಿನ ಮೇಲೆ ನನಗಿದ್ದ ಸಿಟ್ಟಿನಲ್ಲಿ ಅರ್ಧ ಆ ರಾತ್ರಿಯದು. ವಿಮರ್ಶೆ ಬರೆಯುವಾಗ ಇದನ್ನು ಮುಚ್ಚಿಟ್ಟರೆ ಸರಿಯಲ್ಲ.

ಹೋದ ವರ್ಷ ತಮ್ಮ ಫೋನಿಗೆ ಒಂದು ಹಾಡು ಕಳಿಸಿದ. 'ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್', ಕುರುಡನೊಬ್ಬ ಅಳುವಾಗ. ಅದೇ ಮಾಂಟ್ರೋದಲ್ಲಿ, ಅದೇ ದಿನಗಳಲ್ಲಿ ಇವರೇ ಮಾಡಿದ್ದು. ಆಲ್ಬಮ್ಮಿನಿಂದ ಬಿಟ್ಟು, ಆ ಸಾಧಾರಣ ಹಾಡಿನ ಬಿಡಿ ರೆಕಾರ್ಡಿನ ಹಿಂಬದಿಗೆ ಹಾಕಿದ್ದರು. 1997ರ ಹೊಸ ಆವೃತ್ತಿಯಲ್ಲಿ ಮಾತ್ರ ಜೊತೆಗೆ ಸೇರಿಸಿದರು. ಡ್ರಮ್ಮು ಉಸಿರು ಹಿಡಿದಂತೆ ಮೆಲ್ಲಗೆ. ಆರ್ಗನ್ ದೂರದಲ್ಲಿ. ಗಂಟಲು ಹರಿಯುವಂತೆ ಕೂಗುತ್ತಿದ್ದ ಇಯಾನ್ ಗಿಲ್ಲನ್ ಇಲ್ಲಿ ಪಿಸುಗುಟ್ಟಿದಂತೆ ಹಾಡುತ್ತಾನೆ. ಮೂರೂವರೆ ನಿಮಿಷ. ಅಡುಗೆಮನೆಯಲ್ಲಿ ನಿಂತೇ ಕೇಳಿದೆ, ಸಾರು ಉಕ್ಕಿತು.

ತಕ್ಷಣ ಫೋನು ಮಾಡಿ, "ಇದನ್ನು ಬಿಟ್ಟದ್ದು ತಪ್ಪು. ಆ ನಾಲ್ಕನೆಯದನ್ನು ತೆಗೆದು ಇದನ್ನು ಹಾಕಿದ್ದರೆ ಆಲ್ಬಮ್ಮೇ ಬೇರೆಯಾಗುತ್ತಿತ್ತು" ಎಂದೆ.

"ಹಾಕಿದ್ರೆ ಓಟ ನಿಂತುಹೋಗ್ತಿತ್ತು ಅಕ್ಕಾ."

"ನಿಲ್ಲಲಿ ಮಾರಾಯಾ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆಗ ಅದನ್ನು ಕೇಳಿದ್ರೂ ನಾನು ಮುಂದೆ ಓಡಿಸ್ತಿದ್ದೆ" ಎಂದ. ಮೇ ತಿಂಗಳಲ್ಲಿ ಊರಿಗೆ ಬರುತ್ತಾನಂತೆ. ಟೇಪ್ ರೆಕಾರ್ಡರಿನ ಬೆಲ್ಟು ಹೋಗಿ ಎಷ್ಟೋ ವರ್ಷವಾಯಿತು, ಹೊನ್ನಾವರದಲ್ಲಿ ಯಾರಾದರೂ ಹಾಕಿಕೊಡುತ್ತಾರೋ ವಿಚಾರಿಸಬೇಕು.