ಬಾರ್ಮೆನ್ ಘೋಷಣೆಯ ಮೌನ
ನವಿಲುತೀರ್ಥದ ಸೀಮೆಯಲ್ಲಿ ಬಾಸೆಲ್ ಮಿಶನ್ ಎಂದೊಡನೆ ನೆನಪಾಗುವುದು ಧಾರವಾಡದ ಶಾಲೆ, 1894ರ ಕಿಟ್ಟೆಲ್ ಕೋಶ. ಅದರ ಜರ್ಮನ್ ಪಾದ್ರಿಗಳು ಹಿಟ್ಲರನ ಕಾಲದಲ್ಲಿ ಎತ್ತ ನಿಂತರೆಂದು ನಾವು ಕೇಳಿದ್ದು ಕಡಮೆ.

ಕ್ರೈಸ್ತಸಭೆಯು ನಾಜಿಗಳನ್ನು ಪ್ರತಿಭಟಿಸಿತೆನ್ನುವವರು ಜರ್ಮನಿಯ ಪ್ರಾಟೆಸ್ಟಂಟರು 1934ರಲ್ಲಿ ಹೊರಡಿಸಿದ ಬಾರ್ಮೆನ್ ಘೋಷಣೆಯನ್ನು ಮುಂದಿಡುತ್ತಾರೆ. ಪ್ರಭುತ್ವವು ಸಭೆಯ ಒಡೆಯನಲ್ಲವೆಂದು ಅದು ಸಾರಿತು, ದಿಟ. ಆಗ ಅದಕ್ಕೂ ಎದೆಗಾರಿಕೆ ಬೇಕಿತ್ತು. ಆದರೆ ಅದರ ಆರು ಸೂತ್ರಗಳಲ್ಲಿ ಯೆಹೂದ್ಯರ ಹೆಸರೇ ಇಲ್ಲ. ತನ್ನ ಬಾಗಿಲನ್ನು ಕಾಯ್ದುದನ್ನೇ ನೆರೆಯವನನ್ನು ಕಾಯ್ದಂತೆ ಎಣಿಸುವ ವಾದ ನಮಗೆ ಸಮ್ಮತವಲ್ಲ. ಘೋಷಣೆಯ ಕರಡನ್ನು ಬಹುಪಾಲು ಬರೆದು, 1935ರಲ್ಲಿ ಬಾನ್ ವಿಶ್ವವಿದ್ಯಾಲಯದ ಪದವಿಯನ್ನು ಕಳೆದುಕೊಂಡು ಬಾಸೆಲಿಗೆ ಮರಳಿದ ಕಾರ್ಲ್ ಬಾರ್ತರೇ 1967ರಲ್ಲಿ ಈ ಮೌನವನ್ನು ತಮ್ಮ ತಪ್ಪೆಂದು ಒಪ್ಪಿಕೊಂಡರು.

1939ರಲ್ಲಿ ಬ್ರಿಟಿಷರು ಬಂಧನದಲ್ಲಿಟ್ಟ ಮಿಶನ್ನಿನ ಜರ್ಮನರ ಬರಹಗಳನ್ನು ಓದುವವರು ಮೊದಲು ಹುಡುಕಬೇಕಾದುದು ಆ ಹೆಸರನ್ನೇ.